ಘಾಟಿಯ ಡೀಸೆಲ್ಲೂ ಬಾಕಿ ಉಳಿದ ಎರಡು ಅಂಕವೂ

ಮೇಷ್ಟ್ರು ತಪ್ಪು ಮಾಡುವುದು ಹೊಸದೇನಲ್ಲ. ಆದರೆ ಮಾಡಿದ ತಪ್ಪು ಹದಿನೇಳು ವರ್ಷಗಳ ನಂತರ ರೈಲ್ವೆ ಪ್ಲಾಟ್‌ಫಾರಂ ಮೇಲೆ ಎದುರಿಗೆ ಬಂದು, ಕೈಮುಗಿದು, ‘ಚೆನ್ನಾಗಿದೀರಾ ಸಾರ್?’ ಎಂದು ಕೇಳುವುದಿದೆಯಲ್ಲ, ಆ ಯೋಗ ಎಲ್ಲರಿಗೂ ಬರುವಂಥದ್ದಲ್ಲ.

2025ರ ಬೇಸಿಗೆ. ಸಕಲೇಶಪುರ ನಿಲ್ದಾಣದಲ್ಲಿ ಹಾಸನದ ಕಡೆಯ ಗಾಡಿಗೆ ಕಾದು ಕುಳಿತಿದ್ದೆ. ಘಾಟಿ ಹತ್ತಿ ಬಂದ ಕಲ್ಲಿದ್ದಲ ಗೂಡ್ಸೊಂದು ಪಕ್ಕದ ಹಳಿಯ ಮೇಲೆ ನಿಂತು ಏದುಸಿರು ಬಿಡುತ್ತಿತ್ತು. ಅದರ ಇಂಜಿನ್ನಿನಿಂದ ಬ್ಯಾಗು ಹಿಡಿದು ಇಳಿದ ಯುವಕ ನೆಟ್ಟಗೆ ನನ್ನ ಬಳಿಗೇ ಬಂದ. ಮುಖದ ಗುರುತು ಹತ್ತಿತು, ಹೆಸರು ಹತ್ತಲಿಲ್ಲ. ಅವನೇ ಸಹಾಯ ಮಾಡಿದ: ‘ಒಂಬತ್ತನೇ ಕ್ಲಾಸ್ ಟೆಸ್ಟಲ್ಲಿ ರೈಲಿನ ಪ್ರಶ್ನೆಗೆ ಸೊನ್ನೆ ಕೊಟ್ಟಿದ್ರಲ್ಲ ಸಾರ್, ಆ ಹುಡುಗ ನಾನು.’

ನೆನಪಾಯಿತು. 2008ರ ಮಾತು. ಶಕ್ತಿಯ ಪಾಠ ಮುಗಿಸಿ ಕಿರುಪರೀಕ್ಷೆ ಕೊಟ್ಟಿದ್ದೆ. ಪುಸ್ತಕದ ಪ್ರಶ್ನೆಗಳ ಜೊತೆಗೆ ಊರಿನದೂ ಒಂದಿರಲಿ ಎಂದು ಸೇರಿಸಿದ್ದ ಪ್ರಶ್ನೆ ಇದು: ‘ಘಾಟಿಯ ಮೇಲಿನಿಂದ ಒಂದೇ ವೇಗದಲ್ಲಿ ಕೆಳಗಿಳಿಯುವ ರೈಲಿನ ಪ್ರಚ್ಛನ್ನ ಶಕ್ತಿ ಏನಾಗುತ್ತದೆ?’ ನಾನು ಬಯಸಿದ್ದ ಉತ್ತರ, ಬ್ರೇಕು ಚಕ್ರಕ್ಕೆ ಉಜ್ಜಿ ಶಾಖವಾಗುತ್ತದೆ ಎಂದು. ಇವನು ಬರೆದದ್ದು, ‘ಇಂಜಿನ್ನಿನ ನೆತ್ತಿಯಿಂದ ಬಿಸಿಗಾಳಿಯಾಗಿ ಹೋಗುತ್ತದೆ.’ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು, ಪಕ್ಕದಲ್ಲಿ ‘ಊಹೆ ಬೇಡ’ ಎಂದು ಬೇರೆ ಬರೆದಿದ್ದೆ.

ಊಹೆ ಮಾಡಿದ್ದು ನಾನು. ಅವನು ನೋಡಿ ಬರೆದಿದ್ದ. ಅವರ ಮನೆ ದೋಣಿಗಾಲಿನ ಕಡೆ, ಹಳಿಯ ಪಕ್ಕದ ದಿಬ್ಬದ ಮೇಲೆ. ಅಲ್ಲಿಂದ ನೋಡಿದರೆ ಇಂಜಿನ್ನಿನ ಪಕ್ಕೆಯಲ್ಲ, ಬೆನ್ನು ಕಾಣುತ್ತದೆ. ಘಾಟಿ ಇಳಿಯುವ ಪ್ರತಿ ಗೂಡ್ಸಿನ ಬೆನ್ನ ಮೇಲೂ ದೊಡ್ಡ ಫ್ಯಾನೊಂದು ಅರಚುವುದನ್ನೂ, ಅದರ ಮೇಲಿನ ಗಾಳಿ ಬಿಸಿಲುಗುದುರೆಯಂತೆ ನಡುಗುವುದನ್ನೂ ಆ ಹುಡುಗ ದಿನವೂ ಕಂಡಿದ್ದ.

* * *

ನಾನು ಈ ಸೀಮೆಗೆ ಮೇಷ್ಟ್ರಾಗಿ ಬಂದಾಗ ಘಾಟಿಯಲ್ಲಿ ರೈಲೇ ಇರಲಿಲ್ಲ. 1979ರಲ್ಲಿ ತೆರೆದ ಹಾಸನ–ಮಂಗಳೂರು ಮೀಟರ್‌ಗೇಜ್ ಮಾರ್ಗ, ಬ್ರಾಡ್‌ಗೇಜ್ ಆಗಬೇಕೆಂದು ತೊಂಬತ್ತರ ದಶಕದ ನಡುವಿನಲ್ಲಿ ಮುಚ್ಚಿಹೋಗಿತ್ತು. ಮತ್ತೆ ಗೂಡ್ಸ್ ಗಾಡಿ ಓಡಿದ್ದು 2006ರಲ್ಲಿ. ಪ್ರಯಾಣಿಕರ ಗಾಡಿ ಬಂದದ್ದು 2007ರ ಡಿಸೆಂಬರಿನಲ್ಲಿ. ಅಷ್ಟು ವರ್ಷ ಸುರಂಗಗಳಲ್ಲಿ ಬಾವಲಿಗಳದೇ ರಾಜ್ಯಭಾರ.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 55 ಕಿಲೋಮೀಟರು. ನಡುವೆ ದೋಣಿಗಾಲ್, ಕಡಗರವಳ್ಳಿ, ಎಡಕುಮೇರಿ, ಶಿರಿಬಾಗಿಲು. 57 ಸುರಂಗ, ಇನ್ನೂರಕ್ಕೂ ಮೀರಿ ಸೇತುವೆ. ಕೆಳಗೆ ಕೆಂಪುಹೊಳೆ, ಮೇಲೆ ಮಳೆಕಾಡು. ಇಳಿಜಾರು ಐವತ್ತಕ್ಕೆ ಒಂದು. ಎಂದರೆ ಐವತ್ತು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೆ. ನಡೆಯುವ ಮನುಷ್ಯನಿಗೆ ಇದೊಂದು ಏರೇ ಅಲ್ಲ. ರೈಲಿಗೆ ಮಾತ್ರ ಇದು ಗೋಡೆ ಹತ್ತಿದಂತೆ.

ಮೊದಲ ವರ್ಷಗಳಲ್ಲಿ ಇಳಿಯುತ್ತಿದ್ದದ್ದೆಲ್ಲ ಹೆಚ್ಚಾಗಿ ಅದಿರು. 2005ರ ಕೊನೆಗೆ ಕುದುರೆಮುಖದ ಗಣಿ ನಿಂತಿತ್ತು. ಬೆಟ್ಟದಿಂದ ಪೈಪಿನಲ್ಲಿ ಪಣಂಬೂರಿಗೆ ಇಳಿಯುತ್ತಿದ್ದ ಅದಿರಿನ ಜಾಗಕ್ಕೆ ಬಳ್ಳಾರಿ ಸೀಮೆಯ ಅದಿರು ಬರತೊಡಗಿತು. ಜೊತೆಗೆ ರಫ್ತಿನ ಭರಾಟೆ. ಹಗಲೂ ರಾತ್ರಿಯೂ ಕೆಂಪು ದೂಳಿನ ವ್ಯಾಗನ್ನುಗಳ ಸಾಲು. 2010ರಲ್ಲಿ ರಾಜ್ಯ ಸರ್ಕಾರ ರಫ್ತಿಗೆ ತಡೆ ಹಾಕಿತು, 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಘಾಟಿಯ ಸದ್ದೂ ಇಳಿಯಿತು. ದೆಹಲಿಯ ಒಂದು ತೀರ್ಪು ನಮ್ಮ ರಾತ್ರಿಯ ನಿದ್ದೆಯನ್ನು ಹೀಗೆ ಬದಲಿಸಬಹುದೆಂದು ನಾನೆಂದೂ ಎಣಿಸಿರಲಿಲ್ಲ.

ಸದ್ದು ಎಂದೆ. ಮಳೆ ಬಿಟ್ಟ ರಾತ್ರಿಗಳಲ್ಲಿ ಗೂಡ್ಸು ಘಾಟಿ ಹತ್ತುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ಸುರಂಗ ಹೊಕ್ಕಾಗ ನುಂಗಿದಂತೆ ಮಾಯ, ಹೊರಬಂದಾಗ ಮತ್ತೆ ಪ್ರತ್ಯಕ್ಷ. ಶಬ್ದಕ್ಕೆ ತಡೆಯೊಡ್ಡುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಯಾವ ಪಠ್ಯಪುಸ್ತಕದಲ್ಲಿದೆ?

* * *

ಡೀಸೆಲ್ ಇಂಜಿನ್ನೆಂದರೆ ಲಾರಿಯ ಹಾಗೆ, ಎಣ್ಣೆ ಉರಿದು ಗೇರಿನ ಮೂಲಕ ಚಕ್ರ ತಿರುಗುತ್ತದೆಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲ. ಡೀಸೆಲ್ ಉರಿದು ಒಂದು ಜನರೇಟರನ್ನು ತಿರುಗಿಸುತ್ತದೆ. ಅಲ್ಲಿ ಹುಟ್ಟಿದ ವಿದ್ಯುತ್ತು ಅಚ್ಚುಗಳ ಪಕ್ಕದಲ್ಲಿ ಕೂತ ಮೋಟಾರುಗಳಿಗೆ ಹೋಗುತ್ತದೆ. ಚಕ್ರವನ್ನು ತಿರುಗಿಸುವುದು ಮೋಟಾರು. ಅಂದರೆ ಡೀಸೆಲ್ ಇಂಜಿನ್ನೂ ವಿದ್ಯುತ್ ಇಂಜಿನ್ನೇ; ತನ್ನ ಪವರ್‌ಹೌಸನ್ನು ತಾನೇ ಬೆನ್ನ ಮೇಲೆ ಹೊತ್ತು ತಿರುಗುವ ಬಡಪಾಯಿ.

ನಮ್ಮ ಘಾಟಿಯಲ್ಲಿ ಗೂಡ್ಸಿನ ಕಷ್ಟವನ್ನು ಮುಖ್ಯವಾಗಿ ಹೊತ್ತದ್ದು ‘ಡಬ್ಲ್ಯುಡಿಜಿ–4’ ಎಂಬ ಜಾತಿ. 1999ರಲ್ಲಿ ಅಮೆರಿಕದಿಂದ ಬಂದ ಈ ವಂಶದ ಮೊದಲ ಇಂಜಿನ್ನುಗಳಿಗೆ ನೆಲೆ ನಮ್ಮ ಹುಬ್ಬಳ್ಳಿಯ ಷೆಡ್ಡು. ಆಮೇಲೆ ವಾರಾಣಸಿಯ ಕಾರ್ಖಾನೆಯಲ್ಲೇ ತಯಾರಾದವು. ಹದಿನಾರು ಸಿಲಿಂಡರು, ನಾಲ್ಕು ಸಾವಿರ ಹಾರ್ಸ್‌ಪವರ್, ತೂಕ 126 ಟನ್.

‘ಇಂಜಿನ್ ಹಗುರ ಇದ್ರೆ ಒಳ್ಳೇದಲ್ವಾ ಸಾರ್, ತನ್ನ ಭಾರಾನೂ ತಾನೇ ಎಳೀಬೇಕಲ್ಲ?’ ಎಂದು ಪ್ರತಿ ವರ್ಷ ಒಬ್ಬ ಹುಡುಗನಾದರೂ ಕೇಳುತ್ತಾನೆ. ಕೇಳಲೇಬೇಕಾದ ಪ್ರಶ್ನೆ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ. ಒಂದನ್ನೊಂದು ಮುಟ್ಟುವ ಜಾಗ ಹೆಬ್ಬೆರಳಿನ ಉಗುರಿನಷ್ಟು. ಅಲ್ಲಿ ಹಿಡಿತ ಹುಟ್ಟಬೇಕಾದರೆ ಮೇಲಿನಿಂದ ಒತ್ತುವ ಭಾರ ಬೇಕು. ಇಂಜಿನ್ನು ಹಗುರವಾದರೆ ಚಕ್ರ ನಿಂತಲ್ಲೇ ಗಿರಗಿರನೆ ತಿರುಗೀತೇ ಹೊರತು ಗಾಡಿ ಮುಂದೆ ಹೋಗಲಾರದು. ಒಣ ಹಳಿಯ ಮೇಲೆ ಈ 126 ಟನ್ನಿನ ಇಂಜಿನ್ನು, ಹೊರಡುವಾಗ ಹೆಚ್ಚೆಂದರೆ 54 ಟನ್ ಭಾರದಷ್ಟು ಬಲ ಹಾಕಿ ಎಳೆದೀತು. ಹಳಿಯ ಮೇಲೆ ಮಳೆಯೂ ತರಗೆಲೆಯೂ ಸೇರಿದರೆ ಅದೂ ಇಲ್ಲ. ಅದಕ್ಕೇ ಪ್ರತಿ ಇಂಜಿನ್ನಿನಲ್ಲೂ ಒಣ ಮರಳಿನ ಪೆಟ್ಟಿಗೆ. ಚಕ್ರ ಜಾರಿದರೆ ಅದರ ಮುಂದೆ ಮರಳು ಚೆಲ್ಲುತ್ತಾರೆ. ಇಷ್ಟು ದೊಡ್ಡ ಯಂತ್ರಕ್ಕೆ ಕೊನೆಯ ಆಸರೆ ಒಂದು ಹಿಡಿ ಮರಳು!

ಈಗ ಲೆಕ್ಕ. ನಾಲ್ಕು ಸಾವಿರ ಟನ್ನಿನ ಗೂಡ್ಸು ಎನ್ನಿ. ಐವತ್ತಕ್ಕೆ ಒಂದರ ಏರಿನಲ್ಲಿ ತೂಕದ ಐವತ್ತನೇ ಒಂದು ಪಾಲು, ಅಂದರೆ 80 ಟನ್ ಭಾರದಷ್ಟು ಬಲ, ಗಾಡಿಯನ್ನು ಸದಾ ಹಿಂದಕ್ಕೆ ಜಗ್ಗುತ್ತಿರುತ್ತದೆ. ತಿರುವುಗಳ ತಿಕ್ಕಾಟ ಬೇರೆ. ಹಾಗಾಗಿ ಒಂದು ಇಂಜಿನ್ನಿನ ಮಾತೇ ಇಲ್ಲ. ಮುಂದೆ ಎರಡೋ ಮೂರೋ, ಹಿಂದಿನಿಂದ ನೂಕಲು ಇನ್ನೆರಡೋ ಮೂರೋ. ಹಿಂದಿನವಕ್ಕೆ ‘ಬ್ಯಾಂಕರ್’ ಎಂದು ಹೆಸರು. ಎಲ್ಲವನ್ನೂ ಮುಂದೆಯೇ ಕಟ್ಟಬಾರದೇಕೆ? ಕಟ್ಟಿದರೆ ಇಡೀ ಗಾಡಿಯ ಜಗ್ಗಾಟ ಮೊದಲ ವ್ಯಾಗನ್ನಿನ ಕೊಂಡಿಯ ಮೇಲೆಯೇ ಬೀಳುತ್ತದೆ. ಕೊಂಡಿ ಕಿತ್ತರೆ ಘಾಟಿಯಲ್ಲಿ ಮುಂದಿನ ಕಥೆ ಹೇಳಬೇಕಾಗಿಲ್ಲ. ಅರ್ಧ ಎಳೆತ, ಅರ್ಧ ನೂಕು. ಮದುವೆಮನೆಗೆ ಬೀರು ಸಾಗಿಸುವಾಗ ನಾವೂ ಮಾಡುವುದು ಅದನ್ನೇ.

ನಾಲ್ಕು ಸಾವಿರ ಟನ್ನನ್ನು ಸುಮಾರು ಮುಕ್ಕಾಲು ಕಿಲೋಮೀಟರು ಎತ್ತರಕ್ಕೆ ಏರಿಸಲು ಎಷ್ಟು ಶಕ್ತಿ ಬೇಕು? ಹತ್ತನೇ ತರಗತಿಯ ಸೂತ್ರ ಸಾಕು: ರಾಶಿ, ಗುರುತ್ವ, ಎತ್ತರ, ಮೂರನ್ನೂ ಗುಣಿಸಿ. ಎಂಟು ಸಾವಿರ ಯೂನಿಟ್ಟಿಗೂ ಸ್ವಲ್ಪ ಹೆಚ್ಚು. ತಿಂಗಳಿಗೆ ನೂರು ಯೂನಿಟ್ ಬಳಸುವ ಮನೆಗೆ ಆರೂವರೆ ವರ್ಷ ಸಾಲುವಷ್ಟು. ಒಂದು ಲೀಟರ್ ಡೀಸೆಲ್ಲಿನಲ್ಲಿ ಸುಮಾರು ಹತ್ತು ಯೂನಿಟ್ ಶಕ್ತಿ ಇದೆ. ಚಕ್ರಕ್ಕೆ ತಲುಪುವುದು ಅದರ ಮೂರನೇ ಒಂದು ಪಾಲು. ಆ ಲೆಕ್ಕದಲ್ಲಿ ಬರೇ ಎತ್ತುವುದಕ್ಕೇ ಎರಡೂವರೆ ಸಾವಿರ ಲೀಟರಿನ ಹತ್ತಿರ. ಉಳಿದ ಎರಡು ಪಾಲು ಹೊಗೆಯ ಕೊಳವೆಯಲ್ಲಿ, ರೇಡಿಯೇಟರಿನಲ್ಲಿ, ಸದ್ದಿನಲ್ಲಿ.

ಹೊಗೆಯ ಕಷ್ಟ ತಿಳಿಯುವುದು ಸುರಂಗದಲ್ಲಿ. ಮುಂದಿನ ಇಂಜಿನ್ನುಗಳು ಬಿಟ್ಟ ಬಿಸಿ ಹೊಗೆಯನ್ನೇ ಹಿಂದಿನ ಬ್ಯಾಂಕರುಗಳು ಉಸಿರಾಡಬೇಕು. ಬಿಸಿಗಾಳಿಯಲ್ಲಿ ಆಮ್ಲಜನಕ ಕಡಿಮೆ; ಆಮ್ಲಜನಕ ಕಡಿಮೆಯಾದರೆ ಎಣ್ಣೆ ಸರಿಯಾಗಿ ಉರಿಯದು; ಬಲ ಬೇಕಾದ ಜಾಗದಲ್ಲೇ ಬಲ ಕುಗ್ಗುತ್ತದೆ. ‘ಇಂಜಿನ್ನಿಗೇ ಹಂಗಾದ್ರೆ ಒಳಗಿರೋರಿಗೆ ಹೆಂಗಿರುತ್ತೆ ಹೇಳಿ ಸಾರ್’ ಎಂದ ನನ್ನ ಶಿಷ್ಯ. ‘ಕಿಟಕಿ ಹಾಕ್ಕೊಂಡ್ರೆ ಸೆಕೆ, ತೆಗೆದ್ರೆ ಹೊಗೆ. ಬ್ಯಾಂಕರ್ ಡ್ಯೂಟಿ ಮುಗಿಸಿ ಮನೆಗೆ ಹೋದ್ರೆ ಮಗಳು ಹತ್ತಿರ ಬರಲ್ಲ, ವಾಸನೆ ಅಂತಾಳೆ.’

* * *

ಇನ್ನು ಇಳಿಯುವ ವಿಷಯ. ಅಂದು ಪ್ಲಾಟ್‌ಫಾರಂ ಮೇಲೆ ನನಗೆ ಪಾಠವಾದದ್ದು ಇಲ್ಲಿ.

‘55 ಕಿಲೋಮೀಟರೂ ಬ್ರೇಕ್ ಬ್ಲಾಕನ್ನೇ ನಂಬಿ ಇಳಿದ್ರೆ ಚಕ್ರ ಕಾದು ಕೆಂಡ ಆಗುತ್ತೆ ಸಾರ್. ಕಾದ ಮೇಲೆ ಬ್ಲಾಕು ಹಿಡಿಯೋದೂ ಇಲ್ಲ. ಅದನ್ನ ಹಿಡಿತಕ್ಕೆ ಜೊತೆಗೆ ಇಟ್ಕೋತೀವಿ. ಗಾಡಿನ ತಡೆಯೋ ದೊಡ್ಡ ಕೆಲಸ ಮೋಟಾರಿಂದು’ ಎಂದ.

ಸಂಗತಿ ಸರಳ. ಮೋಟಾರಿಗೆ ವಿದ್ಯುತ್ ಕೊಟ್ಟರೆ ತಿರುಗುತ್ತದೆ. ಅದೇ ಮೋಟಾರನ್ನು ಹೊರಗಿನಿಂದ ತಿರುಗಿಸಿದರೆ ವಿದ್ಯುತ್ ಕೊಡುತ್ತದೆ. ಸೈಕಲ್ಲಿನ ಡೈನಮೋವನ್ನು ಚಕ್ರಕ್ಕೆ ತಾಗಿಸಿದೊಡನೆ ತುಳಿಯುವುದು ಭಾರವಾಗುತ್ತಿತ್ತಲ್ಲ, ನನ್ನ ವಯಸ್ಸಿನವರಿಗೆ ನೆನಪಿರಬೇಕು. ಆ ಭಾರವೇ ಇಲ್ಲಿ ಬ್ರೇಕು. ಇಳಿಯುವ ಗಾಡಿ ಚಕ್ರವನ್ನು ತಿರುಗಿಸುತ್ತದೆ, ಚಕ್ರ ಮೋಟಾರನ್ನು ತಿರುಗಿಸುತ್ತದೆ, ಮೋಟಾರು ಡೈನಮೋ ಆಗಿ ಗಾಡಿಯನ್ನು ತಡೆಯುತ್ತದೆ. ಹಾಗೆ ಹುಟ್ಟಿದ ವಿದ್ಯುತ್ತು ಎಲ್ಲಿಗೆ ಹೋಗಬೇಕು? ಡೀಸೆಲ್ ಇಂಜಿನ್ನಿಗೆ ಹೊರಗಿನ ಸಂಪರ್ಕವೇ ಇಲ್ಲ. ಕೂಡಿಡಲು ಜಾಗವೂ ಇಲ್ಲ. ಆದ್ದರಿಂದ ನೆತ್ತಿಯ ಮೇಲಿನ ದೊಡ್ಡ ತಂತಿಜಾಲಕ್ಕೆ ಹರಿಸಿ, ಇಸ್ತ್ರಿಪೆಟ್ಟಿಗೆಯ ಹಾಗೆ ಕಾಯಿಸಿ, ಫ್ಯಾನು ಹಾಕಿ ಊದಿಬಿಡುತ್ತಾರೆ. ಬ್ರೇಕಿನ ಬ್ಲಾಕಿಗೂ ತಿರುವುಗಳ ತಿಕ್ಕಾಟಕ್ಕೂ ಒಂದು ಪಾಲು ಹೋದರೆ, ಆ ಎಂಟು ಸಾವಿರ ಯೂನಿಟ್ಟಿನ ದೊಡ್ಡ ಪಾಲು ಕಾಡಿನ ಗಾಳಿಗೆ.

‘ಇಂಜಿನ್ನಿನ ನೆತ್ತಿಯಿಂದ ಬಿಸಿಗಾಳಿಯಾಗಿ ಹೋಗುತ್ತದೆ.’ ಅಕ್ಷರಶಃ ಸರಿ. ಸೊನ್ನೆ ಬೀಳಬೇಕಾದದ್ದು ಮೇಷ್ಟ್ರಿಗೆ.

* * *

ಅಂದು ನಾವು ಮಾತಾಡುವಾಗಲೇ ಡೀಸೆಲ್ಲಿನ ಲೆಕ್ಕ ಮುಗಿಯುತ್ತ ಬಂದಿತ್ತು. ಮಂಗಳೂರಿನ ಕಡೆಯಿಂದಲೂ ಹಾಸನದ ಕಡೆಯಿಂದಲೂ ಕರೆಂಟಿನ ತಂತಿ ಬಂದು, ನಡುವೆ ಘಾಟಿಯೊಂದೇ ಉಳಿದಿತ್ತು. ನೀರು ಜಿನುಗುವ ಸುರಂಗದ ಬಂಡೆ ಕೊರೆದು, ತಿರುವಿಗೊಂದರಂತೆ ಕಂಬ ನಿಲ್ಲಿಸಿ, 25 ಸಾವಿರ ವೋಲ್ಟಿನ ತಂತಿ ಎಳೆಯುವುದು ಹುಡುಗಾಟವಲ್ಲ. 2025ರ ಡಿಸೆಂಬರ್ ಕೊನೆಯಲ್ಲಿ ಆ ಕೆಲಸವೂ ಮುಗಿದು ವಿದ್ಯುತ್ ಇಂಜಿನ್ನೊಂದು ಪರೀಕ್ಷೆಗಾಗಿ ಘಾಟಿಯಲ್ಲಿ ಓಡಿತು. ಅಲ್ಲಿಗೆ ಈ ಘಾಟಿಯಲ್ಲಿ ಡೀಸೆಲ್ ಅನಿವಾರ್ಯವಾಗಿದ್ದ ಕಾಲ ಮುಗಿದಂತಾಯಿತು.

ಹೊಸ ಇಂಜಿನ್ನಿನಿಂದ ಲಾಭವೇನೆಂದು ಕೇಳಿದರೆ ‘ಹೊಗೆ ಇಲ್ಲ’ ಎನ್ನುವವರೇ ಹೆಚ್ಚು. ನನ್ನ ಮಟ್ಟಿಗೆ ಅದು ಅರ್ಧ ಉತ್ತರ. ಹೊಗೆ ಘಾಟಿಯಿಂದ ಹೋಗಿದೆ, ನಿಜ. ಸುರಂಗದೊಳಗೆ ಕೆಲಸ ಮಾಡುವವನ ಶ್ವಾಸಕೋಶಕ್ಕೆ ಇದು ಸಣ್ಣ ಲಾಭವಲ್ಲ. ಆದರೆ ತಂತಿಯ ಇನ್ನೊಂದು ತುದಿಯಲ್ಲಿ ಏನಿದೆ? ಶರಾವತಿಯ ನೀರಿರಬಹುದು, ಪಾವಗಡದ ಬಿಸಿಲಿರಬಹುದು, ರಾಯಚೂರಿನ ಕಲ್ಲಿದ್ದಲೂ ಇರಬಹುದು. ಕಲ್ಲಿದ್ದಲಾದರೆ ಹೊಗೆ ಮಾಯವಾಗಿಲ್ಲ. ಊರು ಬದಲಿಸಿದೆ ಅಷ್ಟೆ. ಯಾರದೋ ಮಕ್ಕಳು ಅದನ್ನು ಕುಡಿಯುತ್ತಿರುತ್ತಾರೆ.

ನಿಜವಾದ ಲಾಭ ಇಳಿಜಾರಿನಲ್ಲಿದೆ. ವಿದ್ಯುತ್ ಇಂಜಿನ್ನಿಗೆ ತಲೆಯ ಮೇಲೆ ತಂತಿ ಉಂಟು. ಇಳಿಯುವಾಗ ಮೋಟಾರಿನಲ್ಲಿ ಹುಟ್ಟಿದ ವಿದ್ಯುತ್ತನ್ನು ಕಾಯಿಸಿ ಊದಬೇಕಾಗಿಲ್ಲ. ಈಗಿನ ಮೂರು ಫೇಸಿನ ಇಂಜಿನ್ನುಗಳು ಅದನ್ನು ತಂತಿಗೇ ಹಿಂದಿರುಗಿಸುತ್ತವೆ. ಅದೇ ಹೊತ್ತಿನಲ್ಲಿ ಇನ್ನೊಂದು ಗಾಡಿ ಹತ್ತುತ್ತಿದ್ದರೆ ಅದು ಆ ವಿದ್ಯುತ್ತನ್ನು ಬಳಸಿಕೊಳ್ಳುತ್ತದೆ. ಎಂಟು ಸಾವಿರದಲ್ಲಿ ಅರ್ಧವೇ ಮರಳಿ ಬಂದರೂ ನಾಲ್ಕು ಸಾವಿರ ಯೂನಿಟ್. ಇಳಿಯುವವನು ಹತ್ತುವವನಿಗೆ ಕೈ ಕೊಟ್ಟಂತೆ. ಬಾವಿಯ ರಾಟೆಗೆ ಎರಡು ಕೊಡ ಕಟ್ಟುತ್ತಿದ್ದ ನಮ್ಮ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಯೇ ಇರಲಿಲ್ಲ.

* * *

ಹಾಗಾದರೆ ಡೀಸೆಲ್ ಹೋಗುವುದಕ್ಕೆ ಯಾರಿಗೂ ಬೇಸರವಿಲ್ಲವೆ? ಅದನ್ನೇ ಶಿಷ್ಯನನ್ನು ಕೇಳಿದೆ. ವಿದ್ಯುತ್ ಇಂಜಿನ್ನಿನ ತರಬೇತಿ ಆಗಲೇ ಮುಗಿಸಿದ್ದವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: ‘ಹೊಗೆ ಹೋಗೋದು ಒಳ್ಳೇದೇ ಸಾರ್. ಆದ್ರೆ ಡೀಸೆಲ್ಲಲ್ಲಿ ಕಿವಿ ಕೆಲಸ ಮಾಡ್ತಿತ್ತು. ಸದ್ದು ಒಂಚೂರು ಬದಲಾದ್ರೆ ಮೀಟರ್ ತೋರಿಸೋಕೆ ಮುಂಚೆ ನಮಗೆ ಗೊತ್ತಾಗೋದು. ಚಕ್ರ ಜಾರೋದು ಸೀಟಲ್ಲೇ ಗೊತ್ತಾಗೋದು. ಅಷ್ಟು ವರ್ಷ ಕಲಿತಿದ್ದು ಇನ್ನು ಯಾರಿಗೆ ಬೇಕು?’

ನನ್ನಲ್ಲಿ ಉತ್ತರವಿರಲಿಲ್ಲ. ಹುಬ್ಬಳ್ಳಿ, ಕೃಷ್ಣರಾಜಪುರದ ಡೀಸೆಲ್ ಷೆಡ್ಡುಗಳಲ್ಲಿ ಈಗ ವಿದ್ಯುತ್ ಇಂಜಿನ್ನುಗಳೂ ಬಂದು ನಿಂತಿವೆ. ಇಂಜೆಕ್ಟರಿನ ಸದ್ದಿನಲ್ಲೇ ರೋಗ ಹೇಳುತ್ತಿದ್ದ ಮೆಕ್ಯಾನಿಕ್ಕುಗಳು ಸರ್ಕ್ಯೂಟಿನ ಹಲಗೆಗಳನ್ನು ಓದಲು ಕಲಿತಿದ್ದಾರೆ. ಸಂಬಳ ನಿಲ್ಲುವುದಿಲ್ಲ, ಸರಿ. ಆದರೆ ಐವತ್ತು ದಾಟಿದ ಮೇಲೆ ಕೈಗೆ ಒಗ್ಗಿದ ವಿದ್ಯೆಯನ್ನು ಬದಿಗಿಟ್ಟು ಮೊದಲ ಬೆಂಚಿನಲ್ಲಿ ಕೂರುವುದು ಎಂಥದೆಂದು, ಸ್ಮಾರ್ಟ್‌ಬೋರ್ಡಿನ ಮುಂದೆ ಸೀಮೆಸುಣ್ಣ ಹಿಡಿದು ನಿಂತ ಈ ಮೇಷ್ಟ್ರಿಗೆ ಗೊತ್ತು.

ಇನ್ನೊಂದು ಮಾತನ್ನೂ ಹೇಳಬೇಕು. 2024ರ ಜುಲೈ ಮಳೆಯಲ್ಲಿ ಕಡಗರವಳ್ಳಿ–ಎಡಕುಮೇರಿ ನಡುವೆ ಹಳಿಯ ಕೆಳಗಿನ ಮಣ್ಣೇ ಜರಿದು ಹಲವು ದಿನ ಗಾಡಿಗಳು ನಿಂತವು. ಈ ಬೆಟ್ಟ ಹಾಗೆಯೇ. ಮರ ಬಿದ್ದು ತಂತಿ ಹರಿದರೆ ವಿದ್ಯುತ್ ಇಂಜಿನ್ನು ಎಷ್ಟೇ ಬಲಶಾಲಿಯಾದರೂ 123 ಟನ್ ಕಬ್ಬಿಣ, ಅಷ್ಟೆ. ಅಂಥ ದಿನ ಕಲ್ಲು ಮಣ್ಣು ಹೊತ್ತು ಹೋಗುವುದಕ್ಕೂ, ನಿಂತ ಗಾಡಿಯನ್ನು ಎಳೆದು ತರುವುದಕ್ಕೂ ತನ್ನ ಅಡುಗೆ ತಾನೇ ಮಾಡಿಕೊಳ್ಳುವ ಹಳೆಯ ಆಳೇ ಬೇಕು. ಘಾಟಿಯ ಎರಡೂ ತುದಿಯಲ್ಲಿ ಮಳೆಗಾಲಕ್ಕಾದರೂ ಒಂದೊಂದು ಡೀಸೆಲ್ ನಿಂತಿರಲಿ. ಕರೆಂಟಿದೆಯೆಂದು ಮನೆಯ ಲಾಟೀನನ್ನು ಯಾರೂ ಎಸೆಯುವುದಿಲ್ಲ. ಮಲೆನಾಡಿನಲ್ಲಂತೂ ಇಲ್ಲವೇ ಇಲ್ಲ.

ಡೀಸೆಲ್ ಇಂಜಿನ್ನಿನಲ್ಲಿ ನಾನು ಮೆಚ್ಚುವ ಗುಣ ಒಂದಿದೆ. ಅದು ತನ್ನ ಖರ್ಚನ್ನು ಬಚ್ಚಿಡುತ್ತಿರಲಿಲ್ಲ. ಹತ್ತುವಾಗ ಕಪ್ಪು ಹೊಗೆಯಲ್ಲಿ, ಇಳಿಯುವಾಗ ಬಿಸಿಗಾಳಿಯಲ್ಲಿ, ಊರಿಗೆಲ್ಲ ಕೇಳುವಂತೆ ಬಿಲ್ಲು ಓದುತ್ತಿತ್ತು. ನಾಲ್ಕು ಸಾವಿರ ಟನ್ನನ್ನು ಬೆಟ್ಟ ಹತ್ತಿಸುವುದು ಪುಕ್ಕಟೆ ಕೆಲಸವಲ್ಲವೆಂದು ಹಳಿಯ ಪಕ್ಕದ ಮನೆಯ ಹುಡುಗನಿಗೂ ತಿಳಿಯುತ್ತಿತ್ತು. ಹೊಸ ಇಂಜಿನ್ನು ಸದ್ದಿಲ್ಲದೆ ಹೋಗುತ್ತದೆ. ಬಿಲ್ಲು ದೂರದಲ್ಲೆಲ್ಲೋ ಬೀಳುತ್ತದೆ. ಅದರ ಮೊತ್ತ ಕಡಿಮೆಯೇ, ಅನುಮಾನವಿಲ್ಲ. ಆದರೆ ಯಾರ ಹೆಸರಿಗೆ ಬಿತ್ತೆಂದು ಕೇಳುವ ಅಭ್ಯಾಸ ನಮ್ಮ ಮಕ್ಕಳಿಗೆ ತಪ್ಪಬಾರದು.

ಈ ವರ್ಷವೂ ಒಂಬತ್ತನೇ ತರಗತಿಗೆ ಅದೇ ಪ್ರಶ್ನೆ ಕೊಡುವವನಿದ್ದೇನೆ. ‘ಬ್ರೇಕಿನಲ್ಲಿ ಶಾಖವಾಗುತ್ತದೆ’ ಎಂದು ಬರೆದವರಿಗೆ ಒಂದು ಅಂಕ. ‘ತಂತಿಗೆ ಮರಳುತ್ತದೆ’ ಎಂದು ಬರೆದವರಿಗೆ ಎರಡು. ಯಾರಾದರೂ ನಾನು ಎಣಿಸದ ಉತ್ತರ ಬರೆದರೆ, ಕೆಂಪು ಪೆನ್ನು ತೆಗೆಯುವ ಮೊದಲು ಅವರ ಮನೆ ಎಲ್ಲಿದೆಯೆಂದು ಕೇಳುತ್ತೇನೆ.

ಅಂದು ನನ್ನ ಗಾಡಿ ಬಂತು. ಹತ್ತುವ ಮುನ್ನ, ‘ಆ ಎರಡು ಅಂಕ ನಿನಗೆ ಬಾಕಿ ಇದೆ ಕಣಯ್ಯಾ’ ಎಂದೆ. ಅವನು ನಕ್ಕ. ‘ಇರ್ಲಿ ಬಿಡಿ ಸಾರ್, ಆ ಟೆಸ್ಟಲ್ಲಿ ಆ ಎರಡು ಸೇರಿಸಿದ್ರೂ ನಾನು ಫೇಲೇ.’